ಹಳೇ ಬ್ಯಾಟರಿಗೆ ಎಷ್ಟು ತಿಂಗಳ ಬೆಲೆ?

(ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ಕಡೆ ತೊಂಡೇಬಾವಿ. ಅಲ್ಲೊಂದು ಗ್ಯಾರೇಜು. ಮಾತಾಡುತ್ತಿರುವವರು ನಿವೃತ್ತ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ ಮತ್ತು ಅವರ ಹಳೇ ವಿದ್ಯಾರ್ಥಿಯಾದ ಮೆಕ್ಯಾನಿಕ್. ಎದುರಿಗಿರುವುದು 2014ರ ಟೊಯೋಟಾ ಕ್ಯಾಮ್ರಿ ಹೈಬ್ರಿಡ್, ಮಗ ವಿದೇಶಕ್ಕೆ ಹೊರಟಾಗ ಮನೆಯಲ್ಲಿ ಬಿಟ್ಟುಹೋದ ಕಾರು.)

ಟೀಚರ್: ಸುತ್ತಿ ಬಳಸಿ ಬೇಡ, ಒಂದೇ ಮಾತಲ್ಲಿ ಹೇಳಪ್ಪ. ರಿಪೇರಿನೋ, ಹೊಸ ಬ್ಯಾಟರಿನೋ?

ಮೆಕ್ಯಾನಿಕ್: ಗಾಡಿ ನೋಡ್ದೆ ಒಂದೇ ಮಾತಲ್ಲಿ ಹೇಳೋನು ಸಿಕ್ಕಿದ್ರೆ ಅವನ ಕೈಗೆ ಬೀಗದಕೈ ಕೊಡಬೇಡಿ ಮಿಸ್. ಮೊದ್ಲು ಯಾವ ಬ್ಯಾಟರಿ ಅಂತ ಕೇಳಿ. ಇದ್ರಲ್ಲಿ ಎರಡು ಐತೆ. ಡಿಕ್ಕಿಲಿ ಎಲ್ಲಾ ಕಾರಲ್ಲಿ ಇರೋ ಥರ 12 ವೋಲ್ಟಿಂದು ಒಂದು, ಹಿಂದಿನ ಸೀಟಿನ ಬೆನ್ನಿಗೆ ದೊಡ್ಡದೊಂದು. ಚಿಕ್ಕದು ಸೊರಗಿದ್ರೂ ಡ್ಯಾಶ್‌ಬೋರ್ಡಲ್ಲಿ ಇರೋಬರೋ ದೀಪ ಎಲ್ಲಾ ಉರೀತೈತೆ. ಎಷ್ಟೋ ಜನ ಅದನ್ನ ನೋಡಿ ದೊಡ್ಡದೇ ಹೋಯ್ತು ಅಂತ ಎದೆ ಹಿಡ್ಕೋತಾರೆ.

ಟೀಚರ್: ನಮ್ಮದೂ ಹಾಗೇ ಇರಬಹುದಲ್ಲ?

ಮೆಕ್ಯಾನಿಕ್: ಚಿಕ್ಕದನ್ನ ಆಗ್ಲೇ ನೋಡ್ದೆ, ಚೆನ್ನಾಗೈತೆ. ಸ್ಕ್ಯಾನರ್ ಹಾಕಿದ್ರೆ ಪಿ0ಎ80 ಅಂತ ಬಂತು. ದೊಡ್ಡ ಬ್ಯಾಟರಿ ಪ್ಯಾಕು ಬದಲಾಯಿಸಿ ಅನ್ನೋ ಕೋಡು ಅದು.

ಟೀಚರ್: ಅಲ್ಲಿಗೆ ಕಂಪ್ಯೂಟರೇ ತೀರ್ಪು ಕೊಟ್ಟಾಯಿತು. ನಿನ್ನನ್ನ ಕೇಳೋದೇನು ಉಳಿಯಿತು?

ಮೆಕ್ಯಾನಿಕ್: ಕಂಪ್ಯೂಟರ್ ದೂರು ಕೊಟ್ಟೈತೆ, ತೀರ್ಪು ಇನ್ನೂ ಆಗಿಲ್ಲ. ಒಳಗಿರೋ ಬ್ಲಾಕುಗಳ ವೋಲ್ಟೇಜಲ್ಲಿ ಏರುಪೇರು ಮಿತಿ ಮೀರಿದ್ರೆ ಈ ಕೋಡು ಬರ್ತೈತೆ. ಏರುಪೇರು ಯಾಕಾಯ್ತು ಅನ್ನೋದು ಅದಕ್ಕೆ ಗೊತ್ತಿಲ್ಲ. ಸೆಲ್ ಸತ್ತಿರಬಹುದು, ಜೋಡಿಸಿರೋ ತಾಮ್ರದ ಪಟ್ಟಿಗೆ ಕಿಲುಬು ಹಿಡಿದು ಅಳತೆನೇ ತಪ್ಪಿರಬಹುದು.

ಟೀಚರ್: ಒಳಗೆ ಏನಿದೆ ಅಂತ ಮೊದಲು ಹೇಳು. ನಾನು ಪಾಠ ಮಾಡಿದ ಕಾಲದಲ್ಲಿ ಹೈಬ್ರಿಡ್ ಅಂದರೆ ಜೋಳದ ಬೀಜ, ಅಷ್ಟೇ.

ಮೆಕ್ಯಾನಿಕ್: ಒಂದೊಂದು ಸೆಲ್ಲೂ 1.2 ವೋಲ್ಟು, ನಿಕಲ್ ಮೆಟಲ್ ಹೈಡ್ರೈಡ್. ಆರು ಸೆಲ್ಲಿಗೆ ಒಂದು ಮಾಡ್ಯೂಲು. ಅಂಥಾ 34 ಮಾಡ್ಯೂಲು ಸಾಲಾಗಿ ನಿಲ್ಸವ್ರೆ. ಎರಡೆರಡು ಸೇರಿಸಿ ಒಂದು ಬ್ಲಾಕು ಅಂತ ಕಂಪ್ಯೂಟರ್ ಅಳೀತೈತೆ. ಒಟ್ಟು 17 ಬ್ಲಾಕು.

ಟೀಚರ್: 34 ಆರಲೆ 204 ಸೆಲ್ಲು. 1.2ರಿಂದ ಗುಣಿಸಿದರೆ 244.8 ವೋಲ್ಟು. ಬ್ಲಾಕಿಗೆ 14.4. ಎಷ್ಟು ಆಂಪಿಯರ್ ಅವರ್?

ಮೆಕ್ಯಾನಿಕ್: ಆರೂವರೆ.

ಟೀಚರ್: ಅಂದರೆ ಸುಮಾರು 1,600 ವಾಟ್ ಅವರ್. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಬರೀ 1.6 ಯೂನಿಟ್! ಒಂದು ಲೀಟರ್ ಪೆಟ್ರೋಲಲ್ಲೇ ಒಂಬತ್ತು ಯೂನಿಟ್ಟಿನಷ್ಟು ಶಕ್ತಿ ಇರುತ್ತಲ್ಲೋ. ಇಷ್ಟು ಚಿಕ್ಕ ಡಬ್ಬಕ್ಕೆ ಇಷ್ಟು ದೊಡ್ಡ ರಾದ್ಧಾಂತವೇ?

ಮೆಕ್ಯಾನಿಕ್: ಚಿಕ್ಕದೇ, ಆದ್ರೆ ಅದಿಲ್ದೆ ಗಾಡಿ ಒಂದಡಿ ಕದಲಲ್ಲ. ಈ ಕಾರಲ್ಲಿ ಸೆಲ್ಫ್ ಮೋಟ್ರೂ ಇಲ್ಲ, ಡೈನಮೋನೂ ಇಲ್ಲ. ಇಂಜಿನ್ ಸ್ಟಾರ್ಟ್ ಮಾಡೋದೇ ದೊಡ್ಡ ಬ್ಯಾಟರಿಯಿಂದ ತಿರುಗೋ ಮೋಟ್ರು. ರಿವರ್ಸ್ ಹೋಗೋದೂ ಮೋಟ್ರಲ್ಲೇ, ಏಸಿ ಕಂಪ್ರೆಸರೂ ಅದರ ಮೇಲೇ. ಟ್ಯಾಂಕು ತುಂಬಾ ಪೆಟ್ರೋಲ್ ಇದ್ರೂ ಅದು ಕೈಕೊಟ್ರೆ ನಿಂತಲ್ಲೇ. ತಳ್ಳಿ ಸ್ಟಾರ್ಟ್ ಮಾಡಕ್ಕೂ ಆಗಲ್ಲ, ಬೇರೆ ಗಾಡಿಯಿಂದ ವೈರ್ ಕೊಟ್ರೂ ಚಿಕ್ಕ ಬ್ಯಾಟರಿಗೆ ಜೀವ ಬರ್ತೈತೆ ಅಷ್ಟೆ.

ಟೀಚರ್: ಪಕ್ಕದ ಮನೆಯವರ ಎರ್ಟಿಗಾ ಮೇಲೂ ಹೈಬ್ರಿಡ್ ಅಂತಲೇ ಬರೆದಿದೆ. ಅವರಿಗೆ ಈ ತಲೆನೋವು ಕಂಡಿಲ್ಲ.

ಮೆಕ್ಯಾನಿಕ್: ಅದು ಮೈಲ್ಡ್ ಹೈಬ್ರಿಡ್ ಮಿಸ್. ಇಂಜಿನ್ನಿಗೆ ಒಂದು ಕೈ ಸಹಾಯ ಮಾಡ್ತೈತೆ, ಅದೇ ಗಾಡಿ ಎಳೆಯಲ್ಲ. ಅದರ ಲೆಕ್ಕ ಬೇರೆ. ನಿಮ್ಮದು ಪೂರ್ತಿ ಹೈಬ್ರಿಡ್. 2013ರ ಆಗಸ್ಟಲ್ಲಿ ಬಿಡದಿಯಲ್ಲೇ ಜೋಡಿಸಿ ಮಾರಕ್ಕೆ ಶುರು ಮಾಡಿದ್ರು. ಕಂಪನಿ ಹೇಳಿದ ಮೈಲೇಜು ಲೀಟರಿಗೆ 19.16 ಕಿಲೋಮೀಟರು. ಇಷ್ಟು ದೊಡ್ಡ ಪೆಟ್ರೋಲ್ ಕಾರಿಗೆ ಅದು ಬಂದಿದ್ದೇ ಆ ಡಬ್ಬದ ದೆಸೆಯಿಂದ. ಬ್ರೇಕ್ ಹಾಕಿದಾಗ ಹಾಳಾಗೋದನ್ನ ಹಿಡಿದಿಟ್ಟು, ಹೊರಡೋವಾಗ ವಾಪಸ್ ಕೊಡ್ತೈತೆ.

ಟೀಚರ್: ಅದು ನನಗೆ ಕಣ್ಣಿಗೆ ಕಾಣುತ್ತೆ. ದೊಡ್ಡಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 880 ಮೀಟರ್, ಗೌರಿಬಿದನೂರು ಸುಮಾರು 694. ಮಾಕಳಿ ಬೆಟ್ಟದ ಕಡೆಯಿಂದ ಇಳಿದು ಬರೋವಾಗ ಬ್ಯಾಟರಿಯ ಗೆರೆಗಳು ಒಂದೊಂದೇ ಮೇಲೇರುತ್ತವೆ. ಕಾರಿನ ತೂಕ 1,600 ಕಿಲೋ ಅಂತ ಇಟ್ಟುಕೊಂಡರೆ 186 ಮೀಟರ್ ಇಳಿಯೋದರಲ್ಲಿ ಸಿಗೋ ಶಕ್ತಿ ಹೆಚ್ಚುಕಡಿಮೆ 0.8 ಯೂನಿಟ್. ಗಾಳಿಗೆ, ಟೈರಿಗೆ ಹೋಗಿದ್ದು ಹೋಗಲಿ, ಉಳಿದದ್ದು ಒಳಗೆ ಬರುತ್ತೆ.

ಮೆಕ್ಯಾನಿಕ್: ಈಗೀಗ ಆ ಗೆರೆ ಹೆಂಗೆ ಏರ್ತಾವೆ ಮಿಸ್?

ಟೀಚರ್: ಈಗೀಗ ಇಳಿಜಾರು ಶುರುವಾಗೋದೇ ತಡ, ತುಂಬಿಬಿಡುತ್ತೆ. ವಾಪಸ್ ಏರು ಹತ್ತಿದರೆ ಅಷ್ಟೇ ಬೇಗ ಖಾಲಿ.

ಮೆಕ್ಯಾನಿಕ್: ಅದೇ ರೋಗದ ಗುರುತು. ಹಿಡಿಯೋ ಶಕ್ತಿ ಕುಗ್ಗೈತೆ. ಅದಕ್ಕೇ ನಿನ್ನೆ ಗಾಡಿನ ಆ ಏರಿಗೇ ತಗೊಂಡೋಗಿ ಸ್ಕ್ಯಾನರ್ ಹಾಕ್ಕೊಂಡು ನೋಡ್ದೆ. ನಿಂತಿದ್ದಾಗ ಹದಿನೇಳೂ ಬ್ಲಾಕು ಒಂದೇ ಥರ ಸಾಚಾ ಕಾಣ್ತಾವೆ. ಭಾರ ಬಿದ್ದಾಗ್ಲೇ ಬಣ್ಣ ಬಯಲಾಗೋದು. ಎಂಟನೇ ಬ್ಲಾಕು ಉಳಿದವಕ್ಕಿಂತ 1.2 ವೋಲ್ಟು ಕೆಳಗೆ ಬೀಳ್ತೈತೆ.

ಟೀಚರ್: 1.2. ಸರಿಯಾಗಿ ಒಂದು ಸೆಲ್ಲಿನ ವೋಲ್ಟೇಜು. ಹಾಗಾದರೆ ಆ ಬ್ಲಾಕಿನ ಹನ್ನೆರಡರಲ್ಲಿ ಒಂದು ಸತ್ತಿದೆ.

ಮೆಕ್ಯಾನಿಕ್: ಮಾರ್ಕು ಪೂರ್ತಿ ಕೊಟ್ಟೆ ಮಿಸ್. ಒಂಬತ್ತು, ಹತ್ತನೇದೂ ಸ್ವಲ್ಪ ಕುಗ್ತಾವೆ, ಆದ್ರೆ ಸತ್ತಿಲ್ಲ. ಉಳಿದ ಹದಿನಾಲ್ಕು ಒಂದಕ್ಕೊಂದು ಹತ್ತಿರ ನಿಂತಾವೆ. ಸಾಮಾನ್ಯವಾಗಿ ಮೊದ್ಲು ಹೋಗೋದು ಮಧ್ಯದವೇ. ಎರಡೂ ಕಡೆ ಬಿಸಿ ನೆರೆಹೊರೆ, ತಣ್ಣಗಾಗಕ್ಕೆ ಜಾಗ ಕಮ್ಮಿ.

ಟೀಚರ್: ತಣ್ಣಗೆ ಮಾಡೋಕೆ ಫ್ಯಾನ್ ಇರುತ್ತಂತಲ್ಲ?

ಮೆಕ್ಯಾನಿಕ್: ಹಿಂದಿನ ಸೀಟಿನ ಹತ್ರ ಜಾಲರಿ ಐತಲ್ಲ, ಅಲ್ಲಿಂದ ಕಾರಿನೊಳಗಿನ ಗಾಳೀನೇ ಎಳ್ಕೊಂಡು ಬ್ಯಾಟರಿ ಮೇಲೆ ಬಿಡ್ತೈತೆ. ನೀವು ಅದಕ್ಕೆ ಅಡ್ಡವಾಗಿ ಬ್ಯಾಗು, ಶಾಲು ಇಟ್ಟಿದ್ರಿ. ಬಿಚ್ಚಿ ನೋಡಿದ್ರೆ ಫ್ಯಾನಿನ ರೆಕ್ಕೆಗೆ ಧೂಳು ಮೆತ್ಕೊಂಡೈತೆ. ನಮ್ಮ ಕಡೆ ಮಣ್ಣಿನ ಧೂಳು ಸಾಲದು ಅಂತ ಜಲ್ಲಿ ಲಾರಿಗಳ ಧೂಳು ಬೇರೆ. ಕಿಟಕಿ ತೆಗೆದು ಓಡಿಸಿದ್ರೆ ಅಷ್ಟೂ ಒಳಗೆ. ಏಸಿ ಹಾಕಿ ಓಡಿಸೋದು ನಿಮಗಿಂತ ಬ್ಯಾಟರಿಗೆ ಒಳ್ಳೇದು.

ಟೀಚರ್: ಅದಕ್ಕೇ ನಾನು ಗಾಡಿಯನ್ನ ಹೆಚ್ಚು ತೆಗೆಯೋದೇ ಇಲ್ಲ. ಮುಚ್ಚಿ ನಿಲ್ಲಿಸಿರ್ತೀನಿ.

ಮೆಕ್ಯಾನಿಕ್: ಅದೂ ಒಂದು ಕಾರಣ. ನಿಂತ ಬ್ಯಾಟರಿ ತನ್ನಷ್ಟಕ್ಕೆ ತಾನೇ ಇಳೀತೈತೆ, ಒಂದೊಂದು ಸೆಲ್ಲು ಒಂದೊಂದು ವೇಗದಲ್ಲಿ. ಎರಡು ಮೂರು ತಿಂಗಳಿಗೊಂದು ಸಲನಾದ್ರೂ ಅರ್ಧ ಗಂಟೆ ಓಡಿಸ್ಬೇಕು ಅಂತ ಕಂಪನಿ ಪುಸ್ತಕದಲ್ಲೇ ಐತೆ. ಹದಿನೈದು ದಿನಕ್ಕೊಂದು ಸಲ ಗೌರಿಬಿದನೂರು ಸಂತೆಗೆ ಹೋಗ್ಬಂದ್ರೂ ಸಾಕಿತ್ತು.

ಟೀಚರ್: ಆಯಿತು, ಆದದ್ದು ಆಯಿತು. ಈಗ ಎಂಟನೇ ಬ್ಲಾಕಿನ ಆ ಒಂದು ಮಾಡ್ಯೂಲ್ ತೆಗೆದು ಹೊಸದು ಹಾಕಿಬಿಡು.

ಮೆಕ್ಯಾನಿಕ್: ಹೊಸದು ಹಾಕಿದ್ರೇ ಕಷ್ಟ ಮಿಸ್. ಮುದಿ ಎತ್ತಿನ ಜೊತೆ ಹೋರಿ ಕಟ್ಟಿದ್ರೆ ನೇಗಿಲು ಎತ್ತ ಹೋಗ್ತೈತೆ? ಎಲ್ಲಾ ಸೆಲ್ಲಲ್ಲೂ ಹರಿಯೋದು ಅದೇ ಕರೆಂಟು. ಕಮ್ಮಿ ಹಿಡಿಯೋವು ಮೊದಲೇ ತುಂಬಿ ಬಿಸಿಯಾಗ್ತಾವೆ, ಮೊದಲೇ ಖಾಲಿಯಾಗ್ತಾವೆ. ಅದಕ್ಕೇ ಅದೇ ವಯಸ್ಸಿಂದು, ಅದೇ ಸಾಮರ್ಥ್ಯದ್ದು ಹುಡುಕಿ ಹಾಕ್ತಾರೆ. ಹಾಕೋಕೆ ಮುಂಚೆ ಪ್ರತಿಯೊಂದನ್ನೂ ಚಾರ್ಜ್ ಮಾಡಿ, ಖಾಲಿ ಮಾಡಿ, ಎಷ್ಟು ಹಿಡೀತೈತೆ ಅಂತ ಅಳೀಬೇಕು. ಹಂಗೆ ಮಾಡಿದ್ರೆ ಸೋಮಾರಿ ಬಿದ್ದಿದ್ದ ಸೆಲ್ಲು ಒಂದಷ್ಟು ಚೇತರಿಸ್ಕೊಳ್ಳೋದೂ ಉಂಟು. ಸತ್ತದ್ದು ಮಾತ್ರ ಏಳಲ್ಲ.

ಟೀಚರ್: ಸರಿ, ಅಳೆದು ಜೋಡಿ ನೋಡಿ ಹಾಕಿದರೆ ಗುಣವಾಯಿತಲ್ಲ?

ಮೆಕ್ಯಾನಿಕ್: ಆ ಮಾಡ್ಯೂಲು ಗುಣ ಆಯ್ತು. ಉಳಿದ 33ಕ್ಕೂ ಹನ್ನೆರಡು ವರ್ಷನೇ ಅಲ್ವಾ? ಇವತ್ತು ಎಂಟನೇದು, ಮಳೆಗಾಲ ಕಳೆದ್ರೆ ಒಂಬತ್ತನೇದು. ನಾನು ಸುಳ್ಳು ಭರವಸೆ ಕೊಡಲ್ಲ. ಆರು ತಿಂಗಳೂ ಬರಬಹುದು, ಎರಡು ವರ್ಷನೂ ಬರಬಹುದು.

ಟೀಚರ್: ಈಗ ವಿಷಯಕ್ಕೆ ಬಂದೆ. ನೀನು ಮಾರ್ತಾ ಇರೋದು ಸಮಯ. ರಿಪೇರಿಯಲ್ಲಿ ಚೂರು ಸಮಯ ಕಡಿಮೆ ಬೆಲೆಗೆ, ಹೊಸ ಪ್ಯಾಕಲ್ಲಿ ತುಂಬಾ ಸಮಯ ದೊಡ್ಡ ಬೆಲೆಗೆ. ಹಾಗಾದರೆ ನಾನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ನನಗೆ ಎಷ್ಟು ಸಮಯ ಬೇಕು ಅನ್ನೋದು. ಆ ಕಾಗದ ಕೊಡು ಇಲ್ಲಿ.

ಮೆಕ್ಯಾನಿಕ್: ಪರೀಕ್ಷೆ ಶುರುವಾಯ್ತು.

ಟೀಚರ್: ನಿಜವಾದ ರೇಟು ಆಮೇಲೆ ಬರಲಿ, ಲೆಕ್ಕಕ್ಕೆ ಅಂತ ಇಟ್ಟುಕೋ. ರಿಪೇರಿಗೆ 45,000, ಒಂದು ವರ್ಷ ಬಂತು. ತಿಂಗಳಿಗೆ ಎಷ್ಟು?

ಮೆಕ್ಯಾನಿಕ್: 3,750.

ಟೀಚರ್: ಹೊಸ ಪ್ಯಾಕಿಗೆ 3,60,000, ಎಂಟು ವರ್ಷ ಬಂತು. 96 ತಿಂಗಳು.

ಮೆಕ್ಯಾನಿಕ್: ಅದೂ 3,750! ಎರಡೂ ಒಂದೇ ಆಯ್ತಲ್ಲ?

ಟೀಚರ್: ಕಾಗದದ ಮೇಲೆ ಒಂದೇ. ಈಗ ಗಾಡಿಯ ಆಯಸ್ಸು ಸೇರಿಸು. 2014ರ ನೋಂದಣಿ, ಹದಿನೈದು ವರ್ಷಕ್ಕೆ 2029. ಅಲ್ಲಿಂದಾಚೆ ಆರ್‌ಟಿಓ ಮುಂದೆ ನಿಲ್ಲಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ನನಗೆ ಆ ಉಸಾಬರಿ ಬೇಡ, ಅಷ್ಟು ಹೊತ್ತಿಗೆ ನಾನು ಸ್ಟಿಯರಿಂಗ್ ಹಿಡಿಯೋದೂ ಬೇಡ. ಅಂದರೆ ನನಗೆ ಬೇಕಿರೋದು 36 ತಿಂಗಳು. 3,60,000ವನ್ನ 36ರಿಂದ ಭಾಗಿಸು.

ಮೆಕ್ಯಾನಿಕ್: ತಿಂಗಳಿಗೆ 10,000. ಆದ್ರೆ ಹೊಸ ಬ್ಯಾಟರಿ ಇದ್ರೆ ಮಾರೋವಾಗ ಬೆಲೆ ಜಾಸ್ತಿ ಸಿಗ್ತೈತೆ ಮಿಸ್, ಅದನ್ನ ಕಳೀಬೇಕು.

ಟೀಚರ್: ಕಳೆಯೋಣ. ಹಾಕಿದ ದುಡ್ಡಲ್ಲಿ ಅರ್ಧ ವಾಪಸ್ ಬಂತು ಅಂತಲೇ ಇಟ್ಟುಕೋ, ಆಗಲೂ ತಿಂಗಳಿಗೆ 5,000. ನನಗೆ ಬೇಡದ ಅರವತ್ತು ತಿಂಗಳನ್ನ ಮುಂದಿನ ಮಾಲೀಕನಿಗೆ ನಾನು ಅರ್ಧ ಬೆಲೆಗೆ ಕೊಡಿಸಿದ ಹಾಗೆ.

ಮೆಕ್ಯಾನಿಕ್: ಅದೇ, ಇದೇ ಗಾಡಿನ ಬೆಂಗಳೂರಲ್ಲಿ ಬಾಡಿಗೆಗೆ ಓಡಿಸೋನಾಗಿದ್ರೆ?

ಟೀಚರ್: ಆಗ ಕಣ್ಣುಮುಚ್ಚಿ ಹೊಸದು. ಅವನು ಒಂದು ದಿನ ನಿಂತರೆ ಆ ದಿನದ ಸಂಪಾದನೆ ಹೋಯಿತು, ಗಿರಾಕಿ ಹೋದ. ರಿಪೇರಿಯ ಬೆಲೆಯಲ್ಲಿ ಕೆಟ್ಟು ನಿಲ್ಲೋ ದಿನಗಳ ಬೆಲೆಯೂ ಸೇರಬೇಕು. ನನಗೆ ಆ ಬೆಲೆ ಎಷ್ಟು ಅಂತ ಹೇಳಲಾ? ಸಂತೆ ದಾರೀಲಿ ನಿಂತರೆ ನಿನಗೆ ಫೋನು. ಮಗಳ ಮನೆ ಯಲಹಂಕ, ರೈಲಿದೆ. ಭಯ ಇರೋದು ಒಂದಕ್ಕೆ. ನಮ್ಮನೆಯವರನ್ನ ಹೃದಯದ ತಪಾಸಣೆಗೆ ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅವರನ್ನ ಕೂರಿಸಿಕೊಂಡು ಮಾಕಳಿ ಏರಲ್ಲಿ ನಿಲ್ಲೋ ಹಾಗಿಲ್ಲ.

ಮೆಕ್ಯಾನಿಕ್: ಆ ಒಂದು ಓಡಾಟಕ್ಕೆ ಬಾಡಿಗೆ ಕಾರು ಮಾಡಿ ಮಿಸ್. ವರ್ಷಕ್ಕೆ ಐದಾರು ಸಲದ ಬಾಡಿಗೆಗೂ, ಲಕ್ಷಗಟ್ಟಲೆ ಪ್ಯಾಕಿಗೂ ಎಲ್ಲಿಯ ಹೋಲಿಕೆ?

ಟೀಚರ್: ನಿನ್ನ ಅಂಗಡಿಗೆ ಲಾಭ ಬರೋ ಮಾತು ಒಂದೂ ಆಡ್ತಾ ಇಲ್ಲವಲ್ಲೋ.

ಮೆಕ್ಯಾನಿಕ್: ಇನ್ನೊಂದು ಹೇಳ್ಬಿಡ್ತೀನಿ. ಪ್ಯಾಕು ನಾನು ಬಿಚ್ಚಲ್ಲ. ಕಿತ್ತಳೆ ಬಣ್ಣದ ವೈರು ನೋಡಿದ್ದೀರಲ್ಲ? 245 ವೋಲ್ಟು ಡಿಸಿ, ಓಡೋವಾಗ ಇನ್ವರ್ಟರ್ ಕಡೆ 650 ವೋಲ್ಟಿನವರೆಗೂ ಏರ್ತೈತೆ. ಸರ್ವಿಸ್ ಪ್ಲಗ್ ಕಿತ್ತು, ಕೆಪಾಸಿಟರ್ ಇಳಿಯೋವರೆಗೂ ಹತ್ತು ನಿಮಿಷ ಕಾಯ್ಬೇಕು. 1,000 ವೋಲ್ಟ್ ತಡೆಯೋ ರಬ್ಬರ್ ಗ್ಲೌಸ್ ಬೇಕು, ಅದರಲ್ಲಿ ಸಣ್ಣ ತೂತು ಇಲ್ಲ ಅಂತ ಪ್ರತಿ ಸಲ ಊದಿ ನೋಡ್ಬೇಕು. ಪ್ಲಗ್ ಕಿತ್ತ ಮೇಲೂ ಪ್ಯಾಕಿನೊಳಗೆ ಸೆಲ್ಲುಗಳ ಕರೆಂಟು ಹಂಗೇ ಇರ್ತೈತೆ. ನನ್ನ ಹತ್ರ ಆ ಸಾಮಾನೂ ಇಲ್ಲ, ತರಬೇತಿನೂ ಇಲ್ಲ. ಫ್ಯಾನ್ ತೊಳೆದು ಕೊಡ್ತೀನಿ, ಅಂಕಿ ಬರೆದು ಕೊಡ್ತೀನಿ. ಬಿಚ್ಚೋ ಕೆಲಸ ಬೆಂಗಳೂರಲ್ಲಿ, ಅದನ್ನೇ ಕಸುಬು ಮಾಡ್ಕೊಂಡಿರೋರ ಹತ್ರ.

ಟೀಚರ್: ಅಪಘಾತವಾದ ಕಾರಿಂದ ಬಿಚ್ಚಿದ ಇಡೀ ಪ್ಯಾಕು ಅಗ್ಗಕ್ಕೆ ಸಿಗುತ್ತೆ ಅಂತ ಮಗ ಹೇಳ್ತಿದ್ದ. ಲಿಥಿಯಂ ಹಾಕಿಸು ಅಂತಲೂ ಅಂದ.

ಮೆಕ್ಯಾನಿಕ್: ಹಳೇ ಪ್ಯಾಕಾದ್ರೆ ತಯಾರಾದ ವರ್ಷ ನೋಡಿ, ಹದಿನೇಳು ಅಂಕಿನೂ ಭಾರದಲ್ಲಿ ಅಳೆದು ತೋರ್ಸಿ ಅನ್ನಿ. ತೋರ್ಸಲ್ಲ ಅಂದ್ರೆ ಬೇಡ. ಗೋಡೌನಲ್ಲಿ ವರ್ಷಗಟ್ಟಲೆ ಬಿದ್ದಿದ್ರೆ ಅದೂ ನಿಮ್ಮ ಗಾಡಿ ಥರಾನೇ ನಿಂತು ಕೆಟ್ಟಿರ್ತೈತೆ. ಲಿಥಿಯಂ ವಿಷಯ ಬೇರೆ. ಈ ಕಾರಿನ ಕಂಪ್ಯೂಟರಿಗೆ ನಿಕಲ್ ಬ್ಯಾಟರಿ ಹೆಂಗೆ ಏರ್ತೈತೆ, ಇಳೀತೈತೆ ಅಂತ ಪಾಠ ಆಗೈತೆ. ಬೇರೆ ಜಾತಿ ಸೆಲ್ ಹಾಕಿದ್ರೆ ಅದನ್ನ ಕಾಯೋ ಸರ್ಕ್ಯೂಟ್ ಅಷ್ಟೇ ಗಟ್ಟಿ ಇರ್ಬೇಕು. ಅದನ್ನ ಪರೀಕ್ಷೆ ಮಾಡಿ ಬರವಣಿಗೆಯಲ್ಲಿ ಕೊಡೋರು ಸಿಗದಿದ್ರೆ ಹಿಂದಿನ ಸೀಟಲ್ಲಿ ಕೂರೋರ ಬೆನ್ನಿಗೆ ಅದನ್ನ ಇಡಬೇಡಿ.

ಟೀಚರ್: ಒಪ್ಪಿದೆ. ಕೆಟ್ಟ ಮಾಡ್ಯೂಲು ಏನಾಗುತ್ತೆ? ಗುಜರಿಗೆ ಹಾಕೋದಾ?

ಮೆಕ್ಯಾನಿಕ್: ಗುಜರಿಗೆ ಬೇಡ. ಒಳಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್.

ಟೀಚರ್: ಪ್ರಬಲ ಕ್ಷಾರ. ಚರ್ಮ ಸುಡುತ್ತೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತೆ. ಸುತ್ತಿಗೆಯಲ್ಲಿ ಒಡೆಯೋ ಹುಡುಗರ ಕೈಗೆ ಅದು ಹೋಗಬಾರದು.

ಮೆಕ್ಯಾನಿಕ್: 2022ರಲ್ಲಿ ಬ್ಯಾಟರಿ ತ್ಯಾಜ್ಯದ ನಿಯಮ ಬಂದೈತೆ. ಹಳೇದನ್ನ ವಾಪಸ್ ತಗೊಂಡು ಮರುಬಳಕೆಗೆ ಕಳಿಸೋ ಹೊಣೆ ತಯಾರಕರದ್ದು, ಕಸದ ಜೊತೆ ಹಾಕದೆ ಬೇರೆ ಮಾಡಿ ಕೊಡೋ ಹೊಣೆ ನಮ್ಮದು. ಒಳಗಿರೋ ನಿಕಲ್ಲಿಗೂ ಬೆಲೆ ಐತೆ. ಕೆಲಸ ಮಾಡೋರನ್ನ ಮೊದಲೇ ಕೇಳಿ, ಹಳೇದು ಎಲ್ಲಿಗೆ ಹೋಗ್ತೈತೆ ಅಂತ.

ಟೀಚರ್: ನೀನು ಈ ಕೆಲಸ ಯಾಕೆ ಕಲಿಯಬಾರದು? ಈ ರಸ್ತೆಯಲ್ಲಿ ಇಂಥ ಕಾರು ಇದೊಂದೇ ಅಂತಲಾ?

ಮೆಕ್ಯಾನಿಕ್: ಇವತ್ತಿಗೆ ಒಂದೋ ಎರಡೋ. ಆದ್ರೆ 2022ರಿಂದ ಬಿಡದಿಯಲ್ಲೇ ಹೈರೈಡರ್, ಇನ್ನೋವಾ ಹೈಕ್ರಾಸ್ ಎಲ್ಲಾ ಹೈಬ್ರಿಡ್ಡಲ್ಲಿ ಬರ್ತಾವೆ. ಹೈಕ್ರಾಸಿನದು ಇದೇ ನಿಕಲ್ ಜಾತಿ, 168 ಸೆಲ್ಲು. ಹೈರೈಡರಿಂದು ಲಿಥಿಯಂ. ಎಂಟು ವರ್ಷ, ಇಲ್ಲಾ 1,60,000 ಕಿಲೋಮೀಟರ್ ಅಂತ ಬ್ಯಾಟರಿಗೆ ವಾರಂಟಿ. 2030 ಹೊತ್ತಿಗೆ ಮೊದಲಿನವು ಒಂದೊಂದಾಗಿ ವಾರಂಟಿಯಿಂದ ಆಚೆ ಬರ್ತಾವೆ. ಹಳ್ಳಿ ಕಡೆ ಸೆಕೆಂಡ್ ಹ್ಯಾಂಡ್ ಗಾಡಿ ಬರೋದೂ ಆವಾಗ್ಲೇ.

ಟೀಚರ್: ಮೊದಲಿನವನು ಎಂಟು ವರ್ಷ ನೆಮ್ಮದಿಯಾಗಿ ಓಡಿಸ್ತಾನೆ, ಬ್ಯಾಟರಿಯ ಪ್ರಶ್ನೆ ಎರಡನೇ ಮಾಲೀಕನ ಪಾಲಿಗೆ.

ಮೆಕ್ಯಾನಿಕ್: ಅದಕ್ಕೇ ಹಳೇ ಹೈಬ್ರಿಡ್ ತಗೊಳ್ಳೋರಿಗೆ ಹೇಳ್ತೀನಿ: ಬಣ್ಣ, ಟೈರು ನೋಡೋ ಮುಂಚೆ ಬ್ಲಾಕಿನ ಅಂಕಿ ನೋಡಿ. ಮೀಟರ್ ಕಮ್ಮಿ ಓಡೈತೆ ಅಂತ ಹಿಗ್ಗಬೇಡಿ, ಎಷ್ಟು ದಿನ ನಿಂತಿತ್ತು ಅಂತ ಕೇಳಿ. ವಾರಂಟಿ ಇದ್ರೆ ಹೊರಗಡೆ ಪ್ಯಾಕು ಬಿಚ್ಚಿಸಬೇಡಿ. ಇದು ಕಲಿಯೋ ಕೆಲಸನೇ, ಯೋಚನೆ ಐತೆ. ಸರಿ, ಈಗ ನಿಮ್ಮ ತೀರ್ಮಾನ ಏನು ಮಿಸ್?

ಟೀಚರ್: ಬರೆದುಕೋ. ಒಂದು: ಫ್ಯಾನು, ಜಾಲರಿ ನೀನು ಶುಚಿ ಮಾಡು. ಎರಡು: ಬೆಂಗಳೂರಲ್ಲಿ ಪ್ಯಾಕು ಬಿಚ್ಚಿದಾಗ ಮೊದಲು ತಾಮ್ರದ ಪಟ್ಟಿಗಳನ್ನ ಶುಚಿ ಮಾಡಿ ಮತ್ತೆ ಅಳೆಯಲಿ. ಆಮೇಲೂ ಎಂಟನೇದು ಬಿದ್ದರೆ ಅದನ್ನ, ಒಂಬತ್ತು ಹತ್ತನೇದು ಅಳತೆಯಲ್ಲಿ ನಪಾಸಾದರೆ ಅವನ್ನೂ ಸೇರಿಸಿ, ಸರಿಜೋಡಿ ನೋಡಿ ಬದಲಾಯಿಸಲಿ. ಒಂದೇ ಸಲ ಬಿಚ್ಚೋ ಕೂಲಿಗೆ ಮೂರು ಕೆಲಸ ಆಗಲಿ. ಮೂರು: ಆಸ್ಪತ್ರೆಗೆ ಬಾಡಿಗೆ ಕಾರು.

ಮೆಕ್ಯಾನಿಕ್: ಬಿಚ್ಚಿ ನೋಡ್ದಾಗ ಹದಿನೇಳರಲ್ಲಿ ಏಳೆಂಟು ಕುಗ್ಗಿದ್ರೆ?

ಟೀಚರ್: ಆಗ ರಿಪೇರಿಗೆ ಒಂದು ರೂಪಾಯಿನೂ ಇಲ್ಲ. ಇದ್ದ ಹಾಗೇ, ಬ್ಯಾಟರಿ ಹೋಗಿದೆ ಅಂತ ಹೇಳಿಯೇ ಮಾರ್ತೀನಿ. ಹೊಸ ಪ್ಯಾಕು ಹಾಕಿಸಿ ಎಂಟು ವರ್ಷ ಓಡಿಸೋನು ಕೊಳ್ಳಲಿ, ಅವನಿಗೆ ಅದು ಸರಿಯಾದ ಲೆಕ್ಕ.

ಮೆಕ್ಯಾನಿಕ್: ರಿಪೇರಿ ಮಾಡ್ಸಿ, ವರ್ಷ ತುಂಬೋದ್ರೊಳಗೆ ಮತ್ತೆ ಕೆಟ್ರೆ?

ಟೀಚರ್: ಅದಕ್ಕೂ ಈಗಲೇ ಬರೆದುಬಿಡು, ಆಗ ಮನಸ್ಸು ಸಡಿಲವಾಗುತ್ತೆ. ಇಷ್ಟು ಹಾಕಿದ್ದೀನಲ್ಲ, ಇನ್ನಷ್ಟು ಹಾಕೋಣ ಅನ್ನಿಸುತ್ತೆ. ಹಾಕಿದ ದುಡ್ಡು ಆಗಲೇ ಹೋಗಿರುತ್ತೆ, ಅದನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ಎರಡನೇ ಸಲ ಕೋಡು ಬಂದರೆ ಮಾರಾಟ, ಮೂರನೇ ಮಾತಿಲ್ಲ.

ಮೆಕ್ಯಾನಿಕ್: ಬರ್ಕೊಂಡೆ. ಗಾಡಿ ಬೆಂಗಳೂರಿಗೆ ಓಡಿಸ್ಕೊಂಡು ಹೋಗಬೇಡಿ, ಟ್ರಕ್ಕಿನ ಮೇಲೆ ಹಾಕಿ ಕಳ್ಸೋಣ. ಫ್ಯಾನ್ ಬಿಚ್ಚಿ ತೊಳೆಯೋ ಕೂಲಿ 800 ಆಯ್ತದೆ ಮಿಸ್.

ಟೀಚರ್: ಕೊಡ್ತೀನಿ. ಆ ಹದಿನೇಳು ಅಂಕಿಯನ್ನ ತಾರೀಖು ಹಾಕಿ, ಸಹಿ ಮಾಡಿ ಕೊಡು. ಬೆಂಗಳೂರಿನವರು ಅಳೆದದ್ದನ್ನ ಅದರ ಪಕ್ಕದಲ್ಲಿಟ್ಟು ನೋಡಿ ಆಮೇಲೆ ದುಡ್ಡು ಬಿಚ್ತೀನಿ.